ಮೆದುಳಿನ ತಡೆಗೋಡೆಗೆ ಹೆಸರಿಟ್ಟ ಲೀನಾ ಸ್ಟರ್ನ್

ಇಲಿಯ ಮೆದುಳು ಹೆಚ್ಚೆಂದರೆ ಎರಡು ಗ್ರಾಂ ತೂಗುತ್ತೆ. ಬೆಂಗಳೂರಿನ ಒಂದು ಔಷಧ ಸಂಶೋಧನಾ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಆ ಎರಡು ಗ್ರಾಮೇ ನನ್ನ ಪ್ರಪಂಚ. ಇಲಿಗೆ ಹೊಸ ಔಷಧ ಕೊಡೋದು, ಗೊತ್ತುಮಾಡಿದ ಹೊತ್ತಿಗೆ ರಕ್ತ ತೆಗೆಯೋದು, ಮೆದುಳು ತೆಗೆದು ಅರೆಯೋದು, ಎರಡರಲ್ಲೂ ಔಷಧ ಎಷ್ಟೆಷ್ಟಿದೆ ಅಂತ ಯಂತ್ರದಲ್ಲಿ ಅಳೆಯೋದು. ಮೆದುಳಿನಲ್ಲಿ ಸಿಕ್ಕ ಅಂಕಿಯನ್ನು ರಕ್ತದಲ್ಲಿ ಸಿಕ್ಕ ಅಂಕಿಯಿಂದ ಭಾಗಿಸಿದರೆ ಒಂದು ಅನುಪಾತ ಬರುತ್ತೆ. ಅದು ಒಂದರ ಹತ್ತಿರವಿದ್ದರೆ ಔಷಧ ಒಳಗೆ ಹೋಗಿದೆ. ಸೊನ್ನೆಯ ಹತ್ತಿರವಿದ್ದರೆ ಬಾಗಿಲಲ್ಲೇ ನಿಂತಿದೆ.

ನನ್ನ ಮೊದಲ ಪ್ರಯೋಗದಲ್ಲಿ 0.03 ಬಂತು. ಸ್ವಲ್ಪವಾದರೂ ಒಳಗೆ ಹೋಯ್ತಲ್ಲ ಅಂತ ಖುಷಿಯಿಂದ ನಮ್ಮ ಸೀನಿಯರ್ ಮೇಡಂ ಮುಂದೆ ಹಾಳೆ ಹಿಡಿದೆ. ಅವರು ನೋಡಿ ನಕ್ಕುಬಿಟ್ಟರು. ಮೆದುಳಿನ ತುಂಬಾ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಮೆದುಳಿನ ಗಾತ್ರದಲ್ಲಿ ನೂರಕ್ಕೆ ಎರಡು ಮೂರು ಪಾಲು ಅವುಗಳೊಳಗಿನ ರಕ್ತವೇ. ತೊಳೆಯದೆ ಅರೆದರೆ ಆ ರಕ್ತವೂ ಸೇರಿ ಅರೆಯಲ್ಪಡುತ್ತೆ. ಔಷಧ ಒಂದು ಕಣವೂ ಮೆದುಳಿಗೆ ಹೋಗದಿದ್ದರೂ 0.02, 0.03 ಅಂತ ತೋರಿಸಿಯೇ ತೋರಿಸುತ್ತೆ. ನಾನು ಒಂದು ವಾರ ಕಷ್ಟಪಟ್ಟು ಅಳೆದದ್ದು ನಾಳದೊಳಗೆ ಉಳಿದ ರಕ್ತವನ್ನು.

ಆ ಮಧ್ಯಾಹ್ನ ಕಾಫಿ ಕುಡಿಯುವಾಗ ಮೇಡಂ ಒಂದು ಹೆಸರು ಹೇಳಿದರು: ಲೀನಾ ಸ್ಟರ್ನ್. ನಾಲ್ಕು ವರ್ಷ ಬಿ.ಫಾರ್ಮ್ ಓದಿದವನು ನಾನು, ಆ ಹೆಸರನ್ನು ಅವತ್ತಿನವರೆಗೆ ಕೇಳಿರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಮೆದುಳಿನ ತಡೆಗೋಡೆಯ ಬಗ್ಗೆ ಒಂದೂವರೆ ಪುಟವಿತ್ತು, ಅದನ್ನು ಕಂಡುಹಿಡಿದವರು ಅಂತ ಜರ್ಮನಿಯ ಗಂಡಸರ ಹೆಸರುಗಳಿದ್ದವು. ಲೀನಾ ಬಗ್ಗೆ ಓದುತ್ತಾ ಹೋದಂತೆ ಗೊತ್ತಾಯಿತು, ನಾನು ದಿನಾ ಮಾಡುತ್ತಿದ್ದ ಕೆಲಸದ ಮೊದಲ ಪಟ್ಟಿಯನ್ನು ಬರೆದವರಲ್ಲಿ ಈಕೆ ಒಬ್ಬರು ಅಂತ. ಆಕೆಯನ್ನು ಎಪ್ಪತ್ತನೇ ವಯಸ್ಸಿನಲ್ಲಿ ಜೈಲಿಗೆ ಹಾಕಿದ್ದರು ಅನ್ನೋದೂ ಆಗಲೇ ಗೊತ್ತಾದದ್ದು.

ಲೀನಾ ಹುಟ್ಟಿದ್ದು 1878ರಲ್ಲಿ, ರಷ್ಯನ್ ಸಾಮ್ರಾಜ್ಯದ ಬಾಲ್ಟಿಕ್ ಸೀಮೆಯ ಒಂದು ಯಹೂದಿ ವ್ಯಾಪಾರಿ ಕುಟುಂಬದಲ್ಲಿ. ಆ ಕಾಲದ ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ, ಯಹೂದಿಗಳಿಗೆ ಇಂತಿಷ್ಟೇ ಸೀಟು ಅಂತ ಮಿತಿ. ಈಕೆಗೆ ಎರಡೂ ಬಾಗಿಲು ಮುಚ್ಚಿದ್ದವು. ಅಂಥ ಹುಡುಗಿಯರು ಹಿಂಡುಹಿಂಡಾಗಿ ಸ್ವಿಟ್ಜರ್ಲೆಂಡಿಗೆ ಓದಲು ಹೋಗುತ್ತಿದ್ದರು, ಲೀನಾ ಕೂಡಾ 1898ರಲ್ಲಿ ಜಿನೀವಾಕ್ಕೆ ಹೋಗಿ ವೈದ್ಯಕೀಯ ಸೇರಿದರು. 1903ಕ್ಕೆ ಡಾಕ್ಟರೇಟ್ ಮುಗೀತು. ಅಲ್ಲಿನ ಶರೀರಕ್ರಿಯಾ ವಿಭಾಗದ ಮುಖ್ಯಸ್ಥ ಪ್ರೆವೋ ಆಕೆಯನ್ನು ಅಲ್ಲೇ ಇಟ್ಟುಕೊಂಡರು. ಫ್ರೆಡೆರಿಕೊ ಬಟೆಲ್ಲಿ ಅನ್ನುವ ಸಹೋದ್ಯೋಗಿಯ ಜೊತೆ ಸೇರಿ, ಜೀವಕೋಶಗಳು ಆಮ್ಲಜನಕವನ್ನು ಹೇಗೆ ಬಳಸುತ್ತವೆ ಅನ್ನುವುದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ನಾವು ಪಿಯುಸಿಯಲ್ಲಿ ಬಾಯಿಪಾಠ ಮಾಡುವ ಕ್ರೆಬ್ಸ್ ಚಕ್ರ ಇದೆಯಲ್ಲ, ಅದರ ಕೆಳಗಿನ ಕಲ್ಲುಗಳಲ್ಲಿ ಕೆಲವು ಇವರಿಬ್ಬರು ಇಟ್ಟದ್ದು. 1918ರಲ್ಲಿ ಲೀನಾ ಜಿನೀವಾ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದರು. ಬಿರುದೇನೋ ಬಂತು, ಪೂರ್ಣ ಪೀಠ ಮಾತ್ರ ಕೊಡಲಿಲ್ಲ.

ಇನ್ನು ಮೆದುಳಿನ ವಿಷಯ. 1885ರಲ್ಲಿ ಪೌಲ್ ಎರ್ಲಿಚ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಚುಚ್ಚಿ ನೋಡಿದ್ದರು. ಪಿತ್ತಕೋಶ, ಮೂತ್ರಪಿಂಡ, ಸ್ನಾಯು ಎಲ್ಲಕ್ಕೂ ಬಣ್ಣ ಹತ್ತಿತು, ಮೆದುಳಿಗೆ ಮಾತ್ರ ಹತ್ತಲಿಲ್ಲ. ಮೆದುಳಿಗೆ ಆ ಬಣ್ಣ ಹಿಡಿದುಕೊಳ್ಳುವ ಗುಣ ಇಲ್ಲ ಅಂದುಕೊಂಡು ಅವರು ಸುಮ್ಮನಾದರು. ಎಷ್ಟು ದೊಡ್ಡ ತಲೆಯೂ ಒಮ್ಮೊಮ್ಮೆ ಬಾಗಿಲ ಮುಂದೆ ನಿಂತು ಅದನ್ನು ಗೋಡೆ ಅಂದುಕೊಳ್ಳುತ್ತೆ. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದೇ ಥರದ ನೀಲಿ ಬಣ್ಣವನ್ನು ರಕ್ತಕ್ಕೆ ಬಿಟ್ಟು, ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ನೇರವಾಗಿ ಹಾಕಿದರು. ಈ ಸಲ ಮೆದುಳು ನೀಲಿಯಾಯಿತು, ಮೈ ಆಗಲಿಲ್ಲ. ಅಂದರೆ ಮೆದುಳು ಬಣ್ಣ ಹಿಡಿಯುತ್ತೆ, ನಡುವೆ ಏನೋ ತಡೆಯುತ್ತಿದೆ.

ಲೀನಾ ಮತ್ತು ಆಕೆಯ ಸಹೋದ್ಯೋಗಿ ರೇಮಂಡ್ ಗೋತಿಯೆ ಜಿನೀವಾದಲ್ಲಿ ಇದನ್ನು ಕೈಗೆತ್ತಿಕೊಂಡ ರೀತಿಯೇ ಬೇರೆ. ಬಣ್ಣ ಕಣ್ಣಿಗೆ ಚೆನ್ನ, ಆದರೆ ಯಾರೂ ಬಣ್ಣವನ್ನು ಮದ್ದು ಅಂತ ಕುಡಿಯೋದಿಲ್ಲ. ಇವರು ಔಷಧಗಳನ್ನು, ಲವಣಗಳನ್ನು, ವಿಷಗಳನ್ನು ಒಂದೊಂದಾಗಿ ತೆಗೆದುಕೊಂಡು ಪ್ರಾಣಿಯ ರಕ್ತಕ್ಕೆ ಕೊಟ್ಟರು, ಆಮೇಲೆ ಮೆದುಳಿನ ದ್ರವದಲ್ಲಿ ಅದು ಬಂದಿದೆಯೋ ಇಲ್ಲವೋ ರಾಸಾಯನಿಕವಾಗಿ ಹುಡುಕಿದರು. ಬ್ರೋಮೈಡ್ ಸಿಕ್ಕಿತು. ಮಾರ್ಫಿನ್, ಸ್ಟ್ರಿಕ್ನಿನ್ ಸಿಕ್ಕವು. ಅಯೋಡೈಡ್ ಸಿಗಲಿಲ್ಲ, ಫೆರೋಸಯನೈಡ್ ಸಿಗಲಿಲ್ಲ. ಬ್ರೋಮೈಡ್ ಮತ್ತು ಅಯೋಡೈಡ್ ಆವರ್ತಕ ಕೋಷ್ಟಕದಲ್ಲಿ ಮೇಲೆ ಕೆಳಗೆ ಕೂತ ಅಣ್ಣತಮ್ಮಂದಿರು. ಒಬ್ಬನಿಗೆ ಪ್ರವೇಶ, ಇನ್ನೊಬ್ಬನಿಗೆ ಇಲ್ಲ. ಅಂದಮೇಲೆ ಇದು ಬರೀ ಗೋಡೆಯಲ್ಲ, ಯಾರು ಬಂದರು ಅಂತ ನೋಡಿ ಬಿಡುವ ವ್ಯವಸ್ಥೆ ಅನ್ನುವುದು ಲೀನಾ ತೀರ್ಮಾನ. 1921ರಲ್ಲಿ ಅದಕ್ಕೊಂದು ಫ್ರೆಂಚ್ ಹೆಸರು ಕೊಟ್ಟರು. ರಕ್ತ ಮತ್ತು ಮೆದುಳಿನ ನಡುವಿನ ತಡೆ ಅಂತ ಅದರರ್ಥ. ಇವತ್ತು ಜಗತ್ತಿನ ಎಲ್ಲ ಭಾಷೆಯಲ್ಲೂ ಅದೇ ಹೆಸರು ನಡೀತಿದೆ.

ಹೆಸರಿಟ್ಟ ಕೀರ್ತಿ ಮಾತ್ರ ಆಕೆಗೆ ಸಿಗಲಿಲ್ಲ. ಬರ್ಲಿನ್ನಿನ ಮ್ಯಾಕ್ಸ್ ಲೆವಾಂಡೊವ್‌ಸ್ಕಿ 1900ರಲ್ಲೇ ಆ ಪದ ಬಳಸಿದ್ದರು ಅಂತ ಎಷ್ಟೋ ಪುಸ್ತಕಗಳು ಒಂದನ್ನೊಂದು ನೋಡಿ ಬರೆದುಕೊಂಡು ಬಂದಿವೆ. ಅವರ ಮೂಲ ಲೇಖನವನ್ನು ತೆರೆದು ನೋಡಿದವರಿಗೆ ಆ ಪದ ಸಿಕ್ಕಿಲ್ಲ. ಇದರಲ್ಲಿ ಪಿತೂರಿ ಹುಡುಕುವುದು ಬೇಡ, ಸೋಮಾರಿತನ ಸಾಕು. ಆದರೆ ಸೋಮಾರಿತನದ ತಪ್ಪುಗಳು ಯಾವಾಗಲೂ ಒಂದೇ ಕಡೆಗೆ ಯಾಕೆ ವಾಲುತ್ತವೆ ಅಂತ ನಾವು ಕೇಳಬಹುದು.

ಆಕೆಯ ವಿಧಾನದಲ್ಲೂ ಒಂದು ಕೊರತೆ ಇತ್ತು. ದ್ರವದಲ್ಲಿ ಔಷಧ ಸಿಕ್ಕರೆ ಮೆದುಳಿಗೂ ಹೋಗಿದೆ ಅಂತ ಲೀನಾ ನಂಬಿದ್ದರು. ಆ ದ್ರವದಿಂದಲೇ ಮೆದುಳಿಗೆ ಪೋಷಣೆ ಅನ್ನುವುದು ಆಕೆಯ ಗಟ್ಟಿ ನಂಬಿಕೆ. ಈಗ ನಮಗೆ ಗೊತ್ತು, ದ್ರವವನ್ನು ಒಸರುವ ಜಾಗದಲ್ಲಿರುವ ತಡೆ ಬೇರೆ, ಮೆದುಳಿನ ಸಣ್ಣ ರಕ್ತನಾಳಗಳ ತಡೆ ಬೇರೆ. ಆ ನಾಳಗಳನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 600 ಕಿಲೋಮೀಟರ್ ಆಗುತ್ತೆ ಅಂತ ಲೆಕ್ಕ, ಹೆಚ್ಚುಕಡಿಮೆ ಬೆಂಗಳೂರಿಂದ ಕಲಬುರಗಿ. ನಿಜವಾದ ವ್ಯಾಪಾರ ನಡೆಯೋದು ಅಲ್ಲಿ. ದ್ರವದಲ್ಲಿ ಇದ್ದದ್ದೆಲ್ಲ ಮೆದುಳಿನ ಅಂಗಾಂಶದಲ್ಲಿ ಅದೇ ಪ್ರಮಾಣದಲ್ಲಿ ಇರಬೇಕು ಅಂತಿಲ್ಲ. ಹಾಗಂತ ಆಕೆಯನ್ನು ದೂರುವ ಯೋಗ್ಯತೆ ನಮಗಿಲ್ಲ. ಇವತ್ತಿಗೂ ಬದುಕಿರುವ ರೋಗಿಯ ಮೆದುಳಿಗೆ ಔಷಧ ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಡಾಕ್ಟರು ಬೆನ್ನಿಗೆ ಸೂಜಿ ಹಾಕಿ ಅದೇ ದ್ರವವನ್ನು ತೆಗೆಯುತ್ತಾರೆ. ಮನುಷ್ಯರ ಮೆದುಳನ್ನು ಅರೆಯೋಕಾಗುತ್ತಾ?

1925ರಲ್ಲಿ ಲೀನಾ ಜಿನೀವಾ ಬಿಟ್ಟು ಮಾಸ್ಕೋಗೆ ಹೊರಟರು. ಹಿಂದೆ ಜಿನೀವಾದಲ್ಲೇ ದೇಶಭ್ರಷ್ಟರಾಗಿ ಬದುಕಿದ್ದ ರಸಾಯನ ವಿಜ್ಞಾನಿ ಅಲೆಕ್ಸಿ ಬಾಖ್ ಕರೆದಿದ್ದರು. ಆಕೆಗಾಗ 47ರ ಆಸುಪಾಸು. ಸ್ವಿಟ್ಜರ್ಲೆಂಡಿನಲ್ಲಿ ಸುಭದ್ರ ಬದುಕು, ಮದುವೆ ಮಕ್ಕಳ ಗೊಡವೆ ಇಲ್ಲ. ಹೆಣ್ಣಿಗೆ, ಯಹೂದಿಗೆ ಸಮಾನ ಸ್ಥಾನ ಅಂತ ಘೋಷಿಸಿದ್ದ ಹೊಸ ದೇಶ ಕರೆಯುತ್ತಿತ್ತು. ಮೊದಮೊದಲು ಆ ದೇಶ ಮಾತು ಉಳಿಸಿಕೊಂಡಿತು ಅಂತಲೇ ಹೇಳಬೇಕು. ಎರಡನೇ ಮಾಸ್ಕೋ ವೈದ್ಯಕೀಯ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್, 1929ರಿಂದ ಸ್ವಂತದ್ದೊಂದು ಶರೀರಕ್ರಿಯಾ ಸಂಸ್ಥೆ, 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವ. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. 1943ರಲ್ಲಿ ತಡೆಗೋಡೆಯ ಸಂಶೋಧನೆಗೇ ಸ್ಟಾಲಿನ್ ಪ್ರಶಸ್ತಿ ಬಂತು.

ಇಲ್ಲೊಂದು ಮಾತು ಹೇಳದೇ ಹೋದರೆ ತಪ್ಪಾಗುತ್ತೆ. ಮೂವತ್ತರ ದಶಕದ ಕೊನೆಗೆ, ಸುತ್ತಲಿನ ಜನ ರಾತ್ರೋರಾತ್ರಿ ಕಾಣೆಯಾಗುತ್ತಿದ್ದಾಗ, ಲೀನಾ ಕಮ್ಯುನಿಸ್ಟ್ ಪಕ್ಷ ಸೇರಿದರು. ವ್ಯವಸ್ಥೆಯ ಹೊರಗೆ ನಿಂತು ಪ್ರತಿಭಟಿಸಿದ ವೀರವನಿತೆ ಅಂತ ಆಕೆಯನ್ನು ಚಿತ್ರಿಸುವುದು ಸುಳ್ಳು. ಆಕೆ ಅದನ್ನು ನಂಬಿದ್ದರು, ಅದರ ಸವಲತ್ತುಗಳನ್ನೂ ಪಡೆದರು.

ಯುದ್ಧ ಬಂತು. ಗಾಯಗೊಂಡ ಸೈನಿಕರು ಆಘಾತದಿಂದ ರಕ್ತದೊತ್ತಡ ಕುಸಿದು ಸಾಯುತ್ತಿದ್ದರು. ಲೀನಾ ತನ್ನ ತಡೆಗೋಡೆಯ ತಿಳಿವಳಿಕೆಯನ್ನು ತಲೆಕೆಳಗು ಮಾಡಿ ಬಳಸಿದರು. ರಕ್ತಕ್ಕೆ ಕೊಟ್ಟದ್ದು ಒಳಗೆ ಹೋಗದಿದ್ದರೆ, ತಡೆಯನ್ನು ದಾಟಿಯೇ ಯಾಕೆ ಕೊಡಬಾರದು? ತಲೆಬುರುಡೆಯ ಹಿಂಭಾಗ, ಕತ್ತು ಸೇರುವ ಜಾಗದಲ್ಲಿ ಸೂಜಿ ಹಾಕಿ ಪೊಟ್ಯಾಶಿಯಂ ಫಾಸ್ಫೇಟನ್ನು ದ್ರವಕ್ಕೇ ಸೇರಿಸುವ ಚಿಕಿತ್ಸೆ ಅದು. ಯುದ್ಧದ ಆಸ್ಪತ್ರೆಗಳಲ್ಲಿ ಬಳಕೆಗೂ ಬಂತು. ಈಗ ಯಾರೂ ಹಾಗೆ ಮಾಡುವುದಿಲ್ಲ.

ಅದೇ ಸೂಜಿಯ ದಾರಿ ಯುದ್ಧ ಮುಗಿದ ಮೇಲೆ ಮಕ್ಕಳ ಪಾಲಿಗೆ ಬಂತು. ಟಿಬಿ ಮೆದುಳಿನ ಪೊರೆಗೆ ಹತ್ತಿದರೆ ಆ ಕಾಲದಲ್ಲಿ ಮಗು ಉಳಿಯುತ್ತಿರಲಿಲ್ಲ, ಅಷ್ಟೇ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇವತ್ತಿಗೂ ಜ್ವರ, ವಾಂತಿ, ಮಂಪರಿನ ಜೊತೆ ಅಂಥ ಮಕ್ಕಳು ಬರುತ್ತಾರೆ. ಈಗ ಮಾತ್ರೆ ಇದೆ, ಆಗ ಇರಲಿಲ್ಲ. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಟಿಬಿ ರೋಗಾಣುವನ್ನು ಕೊಲ್ಲುವ ಮೊದಲ ಮದ್ದು. ಆದರೆ ಅದು ನೀರಿನಲ್ಲಿ ಕರಗುವ ದೊಡ್ಡ ಅಣು, ಜಿಡ್ಡಿನ ಪದರ ದಾಟಲು ಒಲ್ಲದ ಅಣು. ತೋಳಿಗೆ ಚುಚ್ಚಿದರೆ ಶ್ವಾಸಕೋಶಕ್ಕೆ ಹೋಗುತ್ತೆ, ಮೆದುಳಿನ ಕಡೆ ಬಹಳ ಕಡಿಮೆ ಹೋಗುತ್ತೆ. ಲೀನಾಗೆ ಇದು ಇಪ್ಪತ್ತೈದು ವರ್ಷದಿಂದ ಗೊತ್ತಿದ್ದ ಕತೆ. ಅಮೆರಿಕದಲ್ಲಿದ್ದ ಸಹೋದರನ ಮೂಲಕ ಔಷಧ ತರಿಸಿಕೊಂಡು, ಕತ್ತಿನ ಹಿಂದಿನಿಂದ ದ್ರವಕ್ಕೆ ನೇರವಾಗಿ ಕೊಡಿಸಿದರು. ಸಾಯಲೇಬೇಕಿದ್ದ ಮಕ್ಕಳು ಉಳಿದರು. ಅವರಲ್ಲಿ ಎಷ್ಟೋ ಮಕ್ಕಳಿಗೆ ಕಿವಿ ಹೋಯಿತು, ಸ್ಟ್ರೆಪ್ಟೊಮೈಸಿನ್ ಒಳಗಿವಿಯನ್ನು ಹಾಳುಮಾಡುತ್ತೆ. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ವೈದ್ಯರೂ ಬೆನ್ನಿನ ಮೂಲಕ ಇದನ್ನೇ ಮಾಡುತ್ತಿದ್ದರು. ಹಾಗಾಗಿ ಲೀನಾ ಒಬ್ಬರೇ ಈ ದಾರಿ ಕಂಡರು ಅನ್ನಲಾಗದು. ಕಿವಿ ಕೇಳದ, ಆದರೆ ಬದುಕಿರುವ ಮಗು ಬೇಕೇ ಅಂತ ತಾಯಿಯನ್ನು ಕೇಳಿದರೆ ಏನು ಉತ್ತರ ಬರುತ್ತೆ ಅನ್ನುವುದು ನಮಗೆಲ್ಲ ಗೊತ್ತು.

ಆದರೆ ಅಮೆರಿಕದಿಂದ ಔಷಧ ತರಿಸುವುದಕ್ಕೆ ಅದು ಕೆಟ್ಟ ಗಳಿಗೆ. 1947ರಲ್ಲಿ ನೀನಾ ಕ್ಲ್ಯುಯೆವಾ ಮತ್ತು ಗ್ರಿಗೊರಿ ರೋಸ್ಕಿನ್ ಅನ್ನುವ ಇಬ್ಬರು ವಿಜ್ಞಾನಿಗಳನ್ನು ತಮ್ಮ ಕ್ಯಾನ್ಸರ್ ಔಷಧದ ವಿವರ ಅಮೆರಿಕನ್ನರ ಕೈ ಸೇರಿತು ಅನ್ನುವ ಕಾರಣಕ್ಕೆ ಮಾಸ್ಕೋದಲ್ಲಿ ಗೌರವ ನ್ಯಾಯಾಲಯ ಅನ್ನುವ ನಾಟಕದ ಮುಂದೆ ನಿಲ್ಲಿಸಿದರು. ವಿದೇಶಿ ಪತ್ರಿಕೆಯಲ್ಲಿ ಬರೆಯುವುದು, ವಿದೇಶಿ ಸ್ನೇಹಿತರಿಗೆ ಪತ್ರ ಹಾಕುವುದು ದೇಶದ್ರೋಹದ ವಾಸನೆ ಹೊಡೆಯತೊಡಗಿತು. ಬೇರಿಲ್ಲದ ವಿಶ್ವಮಾನವರು ಅನ್ನುವುದು ಬೈಗುಳವಾಯಿತು, ಅದರ ಅರ್ಥ ಯಹೂದಿಗಳು ಅಂತ ಎಲ್ಲರಿಗೂ ತಿಳಿದಿತ್ತು. ಹಲವು ಭಾಷೆ ಬಲ್ಲ, ಜಿನೀವಾದಲ್ಲಿ ಅರ್ಧ ಆಯಸ್ಸು ಕಳೆದ, ಬಾಯಿಗೆ ಬೀಗ ಹಾಕಿಕೊಳ್ಳಲು ಬಾರದ ಮುದುಕಿಗೆ ಇದಕ್ಕಿಂತ ಸರಿಹೊಂದುವ ಆರೋಪ ಎಲ್ಲಿ ಸಿಗಬೇಕು? 1948ರಲ್ಲಿ ಸಂಸ್ಥೆ ಕೈತಪ್ಪಿತು.

ಇದರ ಜೊತೆಗೆ ಇನ್ನೊಂದು ಎಳೆ. ಹಿಟ್ಲರನ ವಿರುದ್ಧ ಜಗತ್ತಿನ ಯಹೂದಿಗಳ ಬೆಂಬಲ ಗಳಿಸಲು 1942ರಲ್ಲಿ ಸರ್ಕಾರವೇ ಯಹೂದಿ ಫ್ಯಾಸಿಸ್ಟ್ ವಿರೋಧಿ ಸಮಿತಿ ಅಂತ ಕಟ್ಟಿತ್ತು. ನಟ ಸೊಲೊಮನ್ ಮಿಖೊಯೆಲ್ಸ್ ಅದರ ಅಧ್ಯಕ್ಷ, ಲೀನಾ ಸದಸ್ಯೆ. ಯುದ್ಧ ಮುಗಿದಂತೆ ಸಮಿತಿಯ ಉಪಯೋಗವೂ ಮುಗಿಯಿತು. 1948ರ ಜನವರಿಯಲ್ಲಿ ಮಿನ್ಸ್ಕ್ ನಗರದಲ್ಲಿ ಮಿಖೊಯೆಲ್ಸ್‌ರನ್ನು ಕೊಂದು ಲಾರಿ ಅಪಘಾತ ಅಂತ ತೋರಿಸಿದರು. ಆ ವರ್ಷದ ಕೊನೆಗೆ ಸಮಿತಿ ಮುಚ್ಚಿತು. 1949ರ ಜನವರಿ 28ರಂದು ಲೀನಾರನ್ನು ಬಂಧಿಸಿದರು.

ಮೂರೂವರೆ ವರ್ಷ ವಿಚಾರಣೆ ಅನ್ನುವ ಹೆಸರಿನಲ್ಲಿ ಸೆರೆಮನೆ. 1952ರ ಮೇ ತಿಂಗಳಲ್ಲಿ ಗುಪ್ತ ಸೈನಿಕ ನ್ಯಾಯಾಲಯದ ಮುಂದೆ 15 ಜನರನ್ನು ನಿಲ್ಲಿಸಿದರು. ಸರ್ಕಾರಿ ವಕೀಲರಿಲ್ಲ, ಆರೋಪಿಗಳ ಪರ ವಕೀಲರೂ ಇಲ್ಲ, ಮೂವರು ನ್ಯಾಯಾಧೀಶರು ಮಾತ್ರ. ಯಿದ್ದಿಷ್ ಭಾಷೆಯ ಕವಿಗಳು, ಕಾದಂಬರಿಕಾರರು, ಬೊಟ್ಕಿನ್ ಆಸ್ಪತ್ರೆಯ ಮುಖ್ಯ ವೈದ್ಯ ಬೋರಿಸ್ ಶಿಮೆಲಿಯೊವಿಚ್ ಎಲ್ಲ ಇದ್ದರು. ಆ ವಿಚಾರಣೆಯ ದಾಖಲೆ ಸೋವಿಯತ್ ಒಕ್ಕೂಟ ಒಡೆದ ಮೇಲೆ ಪುಸ್ತಕವಾಗಿ ಹೊರಬಂದಿದೆ. 73 ವರ್ಷದ ಲೀನಾ ಅಲ್ಲಿ ತನಿಖೆಯ ವೇಳೆ ಸಹಿ ಹಾಕಿಸಿಕೊಂಡ ಹೇಳಿಕೆಯನ್ನು ಅಲ್ಲಗಳೆದರು. ಆಗಸ್ಟ್ 12ರ ರಾತ್ರಿ 13 ಜನರನ್ನು ಗುಂಡಿಕ್ಕಿ ಕೊಂದರು. ಹದಿನಾಲ್ಕನೆಯವರು ವಿಚಾರಣೆಯ ನಡುವೆಯೇ ಪ್ರಜ್ಞೆ ತಪ್ಪಿ, ಮುಂದಿನ ಜನವರಿಯಲ್ಲಿ ಜೈಲಿನಲ್ಲೇ ತೀರಿಕೊಂಡರು. ಲೀನಾಗೆ ಮೂರೂವರೆ ವರ್ಷ ಜೈಲು, ಐದು ವರ್ಷ ಗಡೀಪಾರು. ಜೈಲು ಶಿಕ್ಷೆ ಅಷ್ಟರಲ್ಲಾಗಲೇ ಮುಗಿದುಹೋಗಿತ್ತು, ಹಾಗಾಗಿ ಸೀದಾ ಕಜಕಸ್ತಾನದ ಜಂಬೂಲ್ ಊರಿಗೆ ಕಳಿಸಿದರು. ಹದಿನೈದು ಜನರಲ್ಲಿ ಬದುಕಿ ಉಳಿದದ್ದು ಆಕೆ ಒಬ್ಬರೇ.

ಅದೇ 1952ರಲ್ಲಿ, ಜಗತ್ತಿನ ಇನ್ನೊಂದು ತುದಿಯಲ್ಲಿ, ಐಸೋನಿಯಾಜಿಡ್ ಅನ್ನುವ ಟಿಬಿ ಮಾತ್ರೆ ಬಂತು. ತೀರಾ ಸಣ್ಣ ಅಣು. ನುಂಗಿದರೆ ಸಾಕು, ರಕ್ತದಲ್ಲಿ ಎಷ್ಟಿರುತ್ತೋ ಹೆಚ್ಚುಕಡಿಮೆ ಅಷ್ಟೇ ಮೆದುಳಿನ ದ್ರವದಲ್ಲೂ ಇರುತ್ತೆ. ಮಕ್ಕಳ ಕತ್ತಿನ ಹಿಂದೆ ಸೂಜಿ ಹಾಕುವ ಕೆಲಸ ಅಲ್ಲಿಂದ ಕಡಿಮೆಯಾಗುತ್ತಾ ಹೋಯಿತು. ಇವತ್ತು ನಮ್ಮಲ್ಲಿ ಮೆದುಳಿನ ಟಿಬಿಗೆ ಕೊಡುವ ಔಷಧಗಳಲ್ಲಿ ಐಸೋನಿಯಾಜಿಡ್, ಪೈರಜಿನಮೈಡ್ ಚೆನ್ನಾಗಿ ಒಳಗೆ ಹೋಗುತ್ತವೆ, ರಿಫಾಂಪಿಸಿನ್ ಕಡಿಮೆ ಹೋಗುತ್ತೆ. ಅದಕ್ಕೇ ಅದರ ಡೋಸ್ ಎಷ್ಟಿರಬೇಕು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಆ ಚರ್ಚೆಯ ಪ್ರತಿ ಸಾಲಿನಲ್ಲೂ ಲೀನಾ ಜಿನೀವಾದಲ್ಲಿ ಕೇಳಿದ ಪ್ರಶ್ನೆಯೇ ಇದೆ: ರಕ್ತದಲ್ಲಿ ಇದ್ದದ್ದು ಅಲ್ಲಿಗೆ ತಲುಪಿತಾ?

ಪ್ರಶ್ನೆ ಅದೇ ಇದ್ದರೂ ಅಳತೆ ಸೂಕ್ಷ್ಮವಾಗಿದೆ. ಮೆದುಳಿನಲ್ಲಿ ಸಿಕ್ಕ ಒಟ್ಟು ಔಷಧದಲ್ಲಿ ಬಹುಪಾಲು ಕೊಬ್ಬಿಗೆ, ಪ್ರೋಟೀನಿಗೆ ಅಂಟಿಕೊಂಡು ಬಿದ್ದಿರುತ್ತೆ, ಕೆಲಸಕ್ಕೆ ಬರೋದು ಬಿಡಿಯಾಗಿ ಓಡಾಡುವ ಪಾಲು ಮಾತ್ರ. ಹಾಗಾಗಿ ಈಗ ಎರಡೂ ಕಡೆ ಬಿಡಿ ಔಷಧವನ್ನಷ್ಟೇ ಹೋಲಿಸುತ್ತಾರೆ. ಇನ್ನು ಒಳಗೆ ಬಂದವರನ್ನು ಹಿಡಿದು ಹೊರದಬ್ಬುವ ಪ್ರೋಟೀನುಗಳೂ ನಾಳಗಳ ಗೋಡೆಯಲ್ಲಿವೆ. ನೆದರ್ಲೆಂಡ್ಸ್‌ನ ಒಂದು ಲ್ಯಾಬಿನಲ್ಲಿ ಅಂಥ ಒಂದು ಪ್ರೋಟೀನ್ ಇಲ್ಲದ ಇಲಿಮರಿಗಳನ್ನು ಬೆಳೆಸಿದ್ದರು. ಹುಳುಕಡ್ಡಿ ಕಾಟಕ್ಕೆ ಮಾಮೂಲಿ ಐವರ್ಮೆಕ್ಟಿನ್ ಸಿಂಪಡಿಸಿದರೆ ಆ ಇಲಿಗಳು ಸಾಲಾಗಿ ಸತ್ತವು. ಬೇರೆ ಇಲಿಗಳ ಮೆದುಳನ್ನು ಕಾಯುತ್ತಿದ್ದ ಕಾವಲುಗಾರ ಇವುಗಳಲ್ಲಿ ಇರಲಿಲ್ಲ. 1994ರಲ್ಲಿ ಪ್ರಕಟವಾದ ಆ ಸಂಗತಿ ನಮ್ಮ ಲ್ಯಾಬಿನಲ್ಲಿ ಹೊಸಬರಿಗೆಲ್ಲ ಹೇಳುವ ಕತೆಯಾಗಿತ್ತು. ಲೀನಾ ಕತೆಯನ್ನು ಹೇಳುತ್ತಿದ್ದದ್ದು ನಮ್ಮ ಮೇಡಂ ಒಬ್ಬರೇ.

1953ರ ಮಾರ್ಚಿನಲ್ಲಿ ಸ್ಟಾಲಿನ್ ಸತ್ತ. ಆ ವರ್ಷವೇ ಲೀನಾ ಮಾಸ್ಕೋಗೆ ವಾಪಸಾದರು. 1955ರಲ್ಲಿ ತೀರ್ಪನ್ನೇ ರದ್ದು ಮಾಡಿದರು, ಅಷ್ಟರಲ್ಲಿ ಹದಿಮೂರು ಜನ ಮಣ್ಣಾಗಿ ಮೂರು ವರ್ಷವಾಗಿತ್ತು. ಎಪ್ಪತ್ತೈದು ದಾಟಿದ ಮೇಲೆ ಬೇರೆಯವರಾಗಿದ್ದರೆ ಪಿಂಚಣಿ ತೆಗೆದುಕೊಂಡು ಕಿಟಕಿ ಪಕ್ಕ ಕೂರುತ್ತಿದ್ದರು. ಈಕೆ 1954ರಲ್ಲಿ ಜೈವಿಕಭೌತ ಸಂಸ್ಥೆಯ ಶರೀರಕ್ರಿಯಾ ವಿಭಾಗದ ಮುಖ್ಯಸ್ಥೆಯಾಗಿ ಮತ್ತೆ ಅದೇ ತಡೆಗೋಡೆಯ ಕೆಲಸಕ್ಕೆ ಕೂತರು.

1967ರಲ್ಲಿ ಅಮೆರಿಕದಲ್ಲಿ ಥಾಮಸ್ ರೀಸ್ ಮತ್ತು ಮೊರಿಸ್ ಕಾರ್ನೊವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮೆದುಳಿನ ನಾಳವನ್ನು ನೋಡಿದರು. ರಕ್ತಕ್ಕೆ ಬಿಟ್ಟ ಕಪ್ಪು ಗುರುತು ನಾಳದ ಗೋಡೆಯ ಕೋಶಗಳ ನಡುವಿನ ಸಂದಿಯಲ್ಲಿ ಸ್ವಲ್ಪ ದೂರ ಹೋಗಿ, ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡ ಜಾಗದಲ್ಲಿ ನಿಂತುಬಿಟ್ಟಿತ್ತು. ಲೀನಾ 46 ವರ್ಷ ಹಿಂದೆ ಹೆಸರಿಟ್ಟದ್ದು ಕೊನೆಗೂ ಕಣ್ಣಿಗೆ ಕಂಡಿತ್ತು. ಆಕೆ ತೀರಿಕೊಂಡದ್ದು ಮರುವರ್ಷ, 1968ರ ಮಾರ್ಚ್ 7ರಂದು, ಮಾಸ್ಕೋದಲ್ಲಿ, 89ನೇ ವಯಸ್ಸಿನಲ್ಲಿ. ಕೊನೆಯವರೆಗೂ ವಿಭಾಗದ ಮುಖ್ಯಸ್ಥೆಯಾಗಿಯೇ ಇದ್ದರು.